ಟಸ್ಕನಿಯ ಹಳ್ಳಿಗೆ ಮದುವೆಗೆ ಹೊರಟಿದ್ದೀರಾ? ನೆಂಟರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಕ್ಕನ ಮಗಳ ಮದುವೆ ಕಳೆದ ಸೆಪ್ಟೆಂಬರ್‌ನಲ್ಲಿ ಇಟಲಿಯ ಟಸ್ಕನಿಯಲ್ಲಿ ನಡೆಯಿತು. ಪಿಯೆಂಜಾ ಅನ್ನುವ ಪುಟ್ಟ ಊರಿನ ಹತ್ತಿರ ಒಂದು ತೋಟದ ಮನೆ. ಹುಡುಗ ಸಿಯೆನಾದವನು. ಬೆಂಗಳೂರು, ಮೈಸೂರು, ಶಿವಮೊಗ್ಗದಿಂದ ನಾವು 22 ಜನ ಹೋಗಿದ್ದೆವು, 78 ವರ್ಷದ ನಮ್ಮಮ್ಮನೂ ಸೇರಿ. ಎಲ್ಲರ ವೀಸಾ, ಟಿಕೆಟ್, ಊಟದ ಪಟ್ಟಿ ನೋಡಿಕೊಂಡವಳು ನಾನು. ಆಮೇಲಿಂದ ಪರಿಚಯದವರ ಮನೆಯಲ್ಲಿ ಇಂಥ ಮದುವೆ ಇದ್ದರೆ ನನಗೆ ಫೋನ್ ಬರುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಬೆಂಗಳೂರಿನಿಂದ ರೋಮ್ ತಲುಪುವುದು ಸುಲಭ. ರೈಲು ನಿಲ್ದಾಣದಿಂದ ಮದುವೆ ಮನೆಯವರೆಗಿನ ಕೊನೆಯ 40 ಕಿಲೋಮೀಟರ್ ಇದೆಯಲ್ಲ, ಕಷ್ಟವೆಲ್ಲ ಅಲ್ಲೇ. ವಿಮಾನದ ಟಿಕೆಟ್ ತೆಗೆಯುವ ಮುಂಚೆಯೇ ಆ 40 ಕಿಲೋಮೀಟರ್‌ಗೆ ದಾರಿ ಮಾಡಿಕೊಳ್ಳಿ.

ಹಳ್ಳಿ ಅಂದರೆ ಎಂಥ ಹಳ್ಳಿ? ಸಿನಿಮಾದವರ ಮದುವೆ ಆದ ಜಾಗವೇನಾ?

ಜನಕ್ಕೆ ಎರಡು ಮದುವೆ ನೆನಪಿರುತ್ತದೆ. ವಿರಾಟ್ ಕೊಹ್ಲಿ ಮತ್ತು ಅನುಷ್ಕಾ ಶರ್ಮಾ 2017ರ ಡಿಸೆಂಬರ್ 11ರಂದು ಮದುವೆಯಾಗಿದ್ದು ಇದೇ ಟಸ್ಕನಿಯಲ್ಲಿ, ಸಿಯೆನಾದ ದಕ್ಷಿಣಕ್ಕಿರುವ ಬುವೊನ್‌ಕೊನ್ವೆಂತೊ ಹತ್ತಿರ. ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2018ರ ನವೆಂಬರ್‌ನಲ್ಲಿ ಕೊಂಕಣಿ ಶಾಸ್ತ್ರದ ಪ್ರಕಾರ ಮದುವೆಯಾಗಿದ್ದು ಕೋಮೋ ಸರೋವರದ ದಡದಲ್ಲಿ. ಅದು ಇಟಲಿಯ ಉತ್ತರದ ತುದಿ. ಎರಡಕ್ಕೂ ನಡುವೆ ನೂರಾರು ಕಿಲೋಮೀಟರ್ ಇದೆ. ಕರೆಯೋಲೆಯಲ್ಲಿ ಬರೀ "ಇಟಲಿ" ಅಂತ ಇದ್ದರೆ ಊರಿನ ಹೆಸರು ಕೇಳಿ ತಿಳಿದುಕೊಳ್ಳಿ.

ಪಿಯೆಂಜಾ ಇರುವ ಕಣಿವೆಗೆ ವಾಲ್ ದೋರ್ಚಾ ಅಂತ ಹೆಸರು. 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲೆ ಅಲೆಯಾದ ಗೋಧಿ ಹೊಲ, ಆಲಿವ್ ಮರ, ದ್ರಾಕ್ಷಿ ತೋಟ, ಸಾಲಾಗಿ ನಿಂತ ಸೈಪ್ರೆಸ್ ಮರ. ಊರುಗಳು ಗುಡ್ಡದ ತುದಿಯಲ್ಲಿ, ತೋಟದ ಮನೆಗಳು ದೂರ ದೂರ. ರಾತ್ರಿ ಬೀದಿ ದೀಪ ಇರುವುದಿಲ್ಲ. ಮೂಲೆ ಅಂಗಡಿ, ಆಟೋ ಯಾವುದೂ ಇಲ್ಲ. ನಮ್ಮ ಮಲೆನಾಡಿನ ಒಂಟಿ ಮನೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ.

ವೀಸಾಗೆ ಯಾವಾಗ ಹಾಕಬೇಕು?

ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ. ಅದಕ್ಕೆ ಪ್ರಯಾಣದ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮುಂಚೆ ಹಾಕಿರಬೇಕು. ಆದರೆ ಆ 15 ದಿನವನ್ನು ನಂಬಿಕೊಂಡು ಕೂರಬೇಡಿ. ಕೆಲವು ಅರ್ಜಿಗಳಿಗೆ 45 ದಿನದವರೆಗೂ ಹಿಡಿಯುತ್ತದೆ. ಬೇಸಿಗೆಯಲ್ಲಿ ಬೆರಳಚ್ಚು ಕೊಡಲು ದಿನ ಸಿಗುವುದೇ ಕಷ್ಟ. ಮದುವೆ ಜೂನ್‌ನಲ್ಲಿದ್ದರೆ ಫೆಬ್ರವರಿಯಲ್ಲೇ ಶುರು ಮಾಡಿ.

ದೊಡ್ಡವರಿಗೆ ಶುಲ್ಕ 90 ಯೂರೋ. 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಅದಕ್ಕಿಂತ ಚಿಕ್ಕವರಿಗೆ ಇಲ್ಲ. ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಚಿಕಿತ್ಸೆಗೆ ಆಗುವಂಥ ಪ್ರಯಾಣ ವಿಮೆ ಬೇಕೇ ಬೇಕು. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು. ವಾಪಸ್ ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಅವಧಿ ಇರಬೇಕು. ಎರಡು ಖಾಲಿ ಪುಟ ಬೇಕು.

ಮದುವೆ ಜೊತೆಗೆ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಸೇರಿಸಿಕೊಳ್ಳುವವರು ಗಮನಿಸಿ. ಹೆಚ್ಚು ರಾತ್ರಿ ಯಾವ ದೇಶದಲ್ಲಿ ಉಳಿಯುತ್ತೀರೋ ಆ ದೇಶದ ಮೂಲಕವೇ ವೀಸಾ ಹಾಕಬೇಕು. ನಮ್ಮ ಷಡ್ಡಕರು ಇಟಲಿಗೆ ನಾಲ್ಕು ದಿನ, ಸ್ವಿಟ್ಜರ್ಲೆಂಡಿಗೆ ಆರು ದಿನ ಇಟ್ಟುಕೊಂಡು ಇಟಲಿಗೆ ಅರ್ಜಿ ಹಾಕಲು ಹೋಗಿ, ಎಲ್ಲ ಬುಕಿಂಗ್ ಬದಲಾಯಿಸಬೇಕಾಯಿತು. ಅರ್ಜಿಯ ಜೊತೆ ಮದುವೆ ಕರೆಯೋಲೆಯ ಪ್ರತಿ ಇಡಿ. ಗಂಡಿನ ಮನೆಯವರಿಂದ ಒಂದು ಆಹ್ವಾನ ಪತ್ರ ಬರೆಸಿಕೊಂಡರೆ ಒಳ್ಳೆಯದು.

ಇನ್ನೊಂದು ಹೊಸ ವಿಷಯ. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೊ ದಾಖಲಿಸುವ ವ್ಯವಸ್ಥೆ ಹಂತ ಹಂತವಾಗಿ ಶುರುವಾಗಿದೆ. ಸಾಲು ಉದ್ದ ಆಗುತ್ತದೆ. ಇಳಿದ ಒಂದು ಗಂಟೆಗೇ ರೈಲು ಬುಕ್ ಮಾಡಬೇಡಿ.

ಯಾವ ವಿಮಾನ ನಿಲ್ದಾಣಕ್ಕೆ ಇಳಿಯಬೇಕು?

ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ದುಬೈ, ದೋಹಾ, ಅಬುಧಾಬಿ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಾಯಿಸುತ್ತಾರೆ. ಭೂಪಟ ನೋಡಿದರೆ ಫ್ಲಾರೆನ್ಸ್ ಹತ್ತಿರ ಅನಿಸುತ್ತದೆ. ಆದರೆ ಅದು ಚಿಕ್ಕ ನಿಲ್ದಾಣ, ರನ್‌ವೇ ಕೂಡ ಚಿಕ್ಕದು. ಗಾಳಿ ಜಾಸ್ತಿಯಾದರೆ ವಿಮಾನವನ್ನು ಬೇರೆ ಊರಿಗೆ ತಿರುಗಿಸುವುದುಂಟು. ಪೀಸಾ ಇನ್ನೊಂದು ಆಯ್ಕೆ. ವಯಸ್ಸಾದವರು ಜೊತೆಗಿದ್ದರೆ ನಾನು ರೋಮ್‌ನ ಫ್ಯೂಮಿಚಿನೊ ನಿಲ್ದಾಣವನ್ನೇ ಹೇಳುತ್ತೇನೆ. ವಿಮಾನ ಬದಲಾವಣೆ ಒಂದು ಕಡಿಮೆಯಾಗುತ್ತದೆ. ಅಲ್ಲಿಂದ ಪಿಯೆಂಜಾಗೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ.

ಅಲ್ಲಿಂದ ಮದುವೆ ಮನೆಗೆ ಹೇಗೆ ಹೋಗುವುದು?

ಇದೇ ನಾನು ಮೊದಲು ಹೇಳಿದ 40 ಕಿಲೋಮೀಟರ್ ವಿಷಯ.

ಪಿಯೆಂಜಾಗೆ ರೈಲು ಇಲ್ಲ. ಹತ್ತಿರದ ಅನುಕೂಲದ ನಿಲ್ದಾಣ ಕ್ಯೂಸಿ. ರೋಮ್‌ನ ತೆರ್ಮಿನಿ ನಿಲ್ದಾಣದಿಂದ ಅಲ್ಲಿಗೆ ಒಂದೂವರೆಯಿಂದ ಎರಡು ಗಂಟೆ. ಅತಿ ವೇಗದ ರೈಲುಗಳು ರೋಮ್‌ನಿಂದ ಫ್ಲಾರೆನ್ಸ್‌ಗೆ ಒಂದೂವರೆ ಗಂಟೆಯಲ್ಲಿ ಹೋಗಿಬಿಡುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಕ್ಯೂಸಿಯಲ್ಲಿ ನಿಲ್ಲುವುದಿಲ್ಲ. ಪ್ರಾದೇಶಿಕ ರೈಲು ಅಥವಾ ಇಂಟರ್‌ಸಿಟಿ ನೋಡಬೇಕು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಇದ್ದರೆ, ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ಮರೆತರೆ ದಂಡ ಬೀಳುತ್ತದೆ.

ನಮ್ಮ ಗುಂಪಿನಲ್ಲಿ ದೊಡ್ಡಪ್ಪ, ದೊಡ್ಡಮ್ಮ ಒಂದು ರೈಲು ತಪ್ಪಿಸಿಕೊಂಡು ರಾತ್ರಿ ಹತ್ತಕ್ಕೆ ಕ್ಯೂಸಿಗೆ ಬಂದಿಳಿದರು. ನಿಲ್ದಾಣದ ಹೊರಗೆ ಒಂದು ಗಾಡಿಯೂ ಇಲ್ಲ. ಮೊಬೈಲ್ ಆ್ಯಪ್‌ನಲ್ಲಿ ಕರೆದರೂ ಆ ಕಡೆಗೆ ಕಾರು ಬರುವುದಿಲ್ಲ. ಕೊನೆಗೆ ಗಂಡಿನ ಅಣ್ಣ ಒಂದು ಗಂಟೆ ಡ್ರೈವ್ ಮಾಡಿಕೊಂಡು ಬಂದು ಕರೆದುಕೊಂಡು ಹೋದ. ಮದುವೆಯ ಹಿಂದಿನ ರಾತ್ರಿ ಅವರಿಗೂ ಎಷ್ಟು ಕೆಲಸ ಇರುತ್ತದೆ, ಅಲ್ವಾ?

ಚಾಲಕನ ಸಮೇತ ಬಾಡಿಗೆಗೆ ಸಿಗುವ ಗಾಡಿಗೆ ಅಲ್ಲಿ "ಎನ್ನೆ ಚಿ ಚಿ" ಅನ್ನುತ್ತಾರೆ. ಅದನ್ನು ಮುಂಗಡ ಗೊತ್ತು ಮಾಡಿಕೊಳ್ಳಿ. ಎಂಟು ಜನ ಕೂರುವ ವ್ಯಾನ್ ಸಿಗುತ್ತದೆ. ಹಂಚಿಕೊಂಡರೆ ಭಾರ ಆಗುವುದಿಲ್ಲ. ಒಂದೇ ದಿನ ಬರುವವರು ವಾಟ್ಸಾಪ್ ಗುಂಪಿನಲ್ಲಿ ಸಮಯ ಹಾಕಿ ಜೋಡಿಯಾಗಿ. ಸಿಯೆನಾ ಕಡೆಯಿಂದ ಬಸ್ಸುಗಳೂ ಇವೆ, ಆದರೆ ಭಾನುವಾರ ಅವನ್ನು ನೆಚ್ಚಿಕೊಳ್ಳಬೇಡಿ.

ನಾವೇ ಕಾರು ಓಡಿಸಬಹುದಾ?

ಅನುಭವ ಇದ್ದರೆ ಖಂಡಿತ ಓಡಿಸಿ, ಆ ಕಣಿವೆ ನೋಡಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು. ಒಂದು ವರ್ಷ ನಡೆಯುತ್ತದೆ. ರಸ್ತೆಯ ಬಲಭಾಗದಲ್ಲಿ ಓಡಿಸಬೇಕು. ಗಂಟೆಗೆ ಹೆದ್ದಾರಿಯಲ್ಲಿ 130, ಊರ ಹೊರಗಿನ ಸಾಮಾನ್ಯ ರಸ್ತೆಯಲ್ಲಿ 90, ಊರೊಳಗೆ 50 ಕಿಲೋಮೀಟರ್ ಮಿತಿ.

ಜಾಸ್ತಿ ಜನ ಸಿಕ್ಕಿಬೀಳುವುದು "ಜೆಡ್ ಟಿ ಎಲ್" ಫಲಕದಲ್ಲಿ. ಹಳೇ ಊರುಗಳ ಒಳಗೆ ಹೊರಗಿನವರ ಗಾಡಿ ಬಿಡುವುದಿಲ್ಲ. ಗೇಟು, ಪೊಲೀಸ್ ಯಾರೂ ಇರುವುದಿಲ್ಲ, ಕ್ಯಾಮೆರಾ ಮಾತ್ರ. ನಮ್ಮ ಭಾವ ಸಿಯೆನಾದಲ್ಲಿ ಒಂದು ತಿರುವು ತಪ್ಪಿ ಒಳಗೆ ಹೋದರು. ದಂಡದ ಕಾಗದ ಮೈಸೂರಿನ ಮನೆಗೆ ಬಂದಿದ್ದು ಆರು ತಿಂಗಳ ಮೇಲೆ. ಊರ ಗೋಡೆಯ ಹೊರಗೇ ಗಾಡಿ ನಿಲ್ಲಿಸಿ ನಡೆದುಕೊಂಡು ಹೋಗಿ. ಬಿಳಿ ಗೆರೆಯ ಜಾಗ ಪುಕ್ಕಟೆ, ನೀಲಿ ಗೆರೆಗೆ ದುಡ್ಡು, ಹಳದಿ ಗೆರೆ ಬೇರೆಯವರಿಗೆ ಕಾದಿರಿಸಿದ್ದು.

ತೋಟದ ಮನೆಗೆ ಹೋಗುವ ದಾರಿ ಬಹಳ ಕಡೆ ಜಲ್ಲಿ ರಸ್ತೆ. ರಾತ್ರಿ ಕಾಡುಹಂದಿ, ಮುಳ್ಳುಹಂದಿ ಅಡ್ಡ ಬರುತ್ತವೆ. ಪಾರ್ಟಿ ಮುಗಿಸಿ ಕುಡಿದು ಓಡಿಸುವುದಂತೂ ಬೇಡವೇ ಬೇಡ.

ಉಳಿಯುವ ಜಾಗ ಹೇಗಿರುತ್ತದೆ? ಅಮ್ಮನಿಗೆ ಮಂಡಿ ನೋವು.

"ಅಗ್ರಿತುರಿಜ್ಮೊ" ಅಂದರೆ ಬೇಸಾಯ ಮಾಡುವ ಮನೆಯಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳುವುದು. ನಮ್ಮ ಕೊಡಗಿನ ಹೋಮ್‌ಸ್ಟೇ ಥರ. ದಪ್ಪ ಕಲ್ಲಿನ ಗೋಡೆ, ಮರದ ತೊಲೆ. ಒಳಗೆ ತಂಪಾಗಿರುತ್ತದೆ. ಲಿಫ್ಟ್ ಇರುವುದು ಅಪರೂಪ, ಮೆಟ್ಟಿಲು ಕಡಿದು. ಮಂಡಿ ನೋವಿನವರಿಗೆ ನೆಲಮಹಡಿ ಕೋಣೆ ಬೇಕು ಅಂತ ಮೊದಲೇ ಬರೆದು ಕೇಳಿ. ಗೋಡೆ ದಪ್ಪ ಇರುವುದರಿಂದ ಕೋಣೆಯೊಳಗೆ ವೈಫೈ ಸರಿಯಾಗಿ ಬರುವುದಿಲ್ಲ.

ಬಚ್ಚಲಿನ ಬಗ್ಗೆ ಎಲ್ಲರೂ ಸಂಕೋಚದಿಂದ ಕೇಳುತ್ತಾರೆ. ನೀರಿನ ಚಿಂತೆ ಬೇಡ. ಇಟಲಿಯಲ್ಲಿ 1975ರ ಸರ್ಕಾರಿ ಆದೇಶದ ಪ್ರಕಾರ ಪ್ರತಿ ಮನೆಯಲ್ಲೂ "ಬಿಡೆ" ಇರಲೇಬೇಕು. ಕಮೋಡಿನ ಪಕ್ಕ ತಗ್ಗಿನಲ್ಲಿ, ನಲ್ಲಿ ಇರುವ ಬೇಸಿನ್. ಅಮ್ಮ ಚೊಂಬೊಂದು ತಂದಿದ್ದರು, ಅದನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಚೆಕ್‌ಇನ್ ಆಗುವಾಗ ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ. ಪೊಲೀಸರಿಗೆ ವಿವರ ಕೊಡುವುದು ಅಲ್ಲಿನ ನಿಯಮ. ಬಹಳ ಊರುಗಳಲ್ಲಿ ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಕೊಡಬೇಕು.

ಮದುವೆ ಸಾಮಾನು ಏನೇನು ಒಯ್ಯಬಹುದು?

ನಾನು ಹೆಚ್ಚು ತಲೆಕೆಡಿಸಿಕೊಂಡಿದ್ದು ಇದಕ್ಕೇ. ಯುರೋಪಿಗೆ ಹಾಲು, ಮೊಸರು, ತುಪ್ಪ, ಪನೀರ್, ಮಾಂಸ ಒಯ್ಯುವ ಹಾಗಿಲ್ಲ. ಮನೆ ತುಪ್ಪದ ಡಬ್ಬಿ ಎಷ್ಟೇ ಆಸೆಯಿದ್ದರೂ ಬಿಟ್ಟುಬನ್ನಿ. ಗಿಡ, ಹೂವು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅಂದರೆ ಮಾವಿನೆಲೆ, ವೀಳ್ಯದೆಲೆ, ಕರಿಬೇವು, ಮಲ್ಲಿಗೆ ದಂಡೆ ಯಾವುದೂ ಆಗುವುದಿಲ್ಲ. ಈ ನಿಯಮದಿಂದ ಐದು ಹಣ್ಣಿಗೆ ಮಾತ್ರ ವಿನಾಯಿತಿ ಇದೆ: ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ದುರಿಯನ್. ಆದರೂ ತೆಂಗಿನಕಾಯಿ ಹೊರುವುದು ಬೇಡ, ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ. ಒಣಕೊಬ್ಬರಿಗೆ ವಿಮಾನದಲ್ಲೇ ತಡೆಯಿದೆ, ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು ಅಂತ.

ಅರಿಶಿನ, ಕುಂಕುಮ, ಅಕ್ಷತೆಗೆ ಅಕ್ಕಿ, ಬಾಸಿಂಗ, ಜೀರಿಗೆ ಬೆಲ್ಲದ ಜೀರಿಗೆ, ಅಂತರಪಟದ ಪಂಚೆ, ಇವೆಲ್ಲ ಚೆಕ್‌ಇನ್ ಚೀಲದಲ್ಲಿ ಹೋದವು. ಮಾವಿನೆಲೆಯ ಬದಲು ಗಂಡಿನ ತಾಯಿ ಆಲಿವ್ ಎಲೆಯ ತೋರಣ ಕಟ್ಟಿದ್ದರು. ನೋಡಿ ನಮ್ಮಕ್ಕನ ಕಣ್ಣು ತುಂಬಿತು.

ಚಟ್ನಿಪುಡಿ, ಸಾರಿನ ಪುಡಿ, ಚಕ್ಕುಲಿ, ಕೋಡುಬಳೆ ಒಯ್ಯಿರಿ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ.

ಒಡವೆ?

ಕೈಚೀಲದಲ್ಲೇ ಇರಲಿ. ಹೊರಡುವಾಗ ಬೆಂಗಳೂರು ನಿಲ್ದಾಣದ ಕಸ್ಟಮ್ಸ್‌ನಲ್ಲಿ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಕೇಳಿ ತೆಗೆದುಕೊಳ್ಳಿ. ಬಿಲ್ಲು, ಫೋಟೊ ಇಟ್ಟುಕೊಂಡು ಬೇಗ ಹೋಗಿ. ಇಲ್ಲದಿದ್ದರೆ ವಾಪಸ್ ಬರುವಾಗ "ಇದು ಅಲ್ಲಿ ಕೊಂಡದ್ದಾ" ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಹುಡುಗಿಗೆ ಉಡುಗೊರೆಯಾಗಿ ಅಲ್ಲೇ ಬಿಟ್ಟುಬರುವ ವಸ್ತು 430 ಯೂರೋ ಮೀರಿದರೆ ಅಲ್ಲಿನ ಕಸ್ಟಮ್ಸ್‌ಗೆ ಹೇಳಬೇಕು. ಮುಚ್ಚಿಡಬೇಡಿ.

ಏನು ಉಡುವುದು?

ರೇಷ್ಮೆ ಸೀರೆಯನ್ನೇ ಉಡಿ. ಅಲ್ಲಿಯವರಿಗೆ ಅದನ್ನು ನೋಡುವ ಆಸೆ ತುಂಬಾ. ಜುಲೈ, ಆಗಸ್ಟ್ ಮಧ್ಯಾಹ್ನ 35 ಡಿಗ್ರಿ ಮುಟ್ಟಬಹುದು, ಆಗ ಹಗುರ ಹತ್ತಿ ಸೀರೆ ಹಿತ. ಸೆಪ್ಟೆಂಬರ್‌ನಲ್ಲಿ ಹಗಲು ಹಿತವಾಗಿದ್ದರೂ ರಾತ್ರಿ ಗುಡ್ಡದ ಮೇಲೆ ಚಳಿ. ಶಾಲು ಬೇಕು. ಜಲ್ಲಿ, ಹುಲ್ಲಿನ ಮೇಲೆ ಚೂಪು ಹಿಮ್ಮಡಿಯ ಚಪ್ಪಲಿ ಹೂತುಹೋಗುತ್ತದೆ. ಚರ್ಚ್ ಒಳಗೆ ಹೋಗುವುದಿದ್ದರೆ ಭುಜ, ಮಂಡಿ ಮುಚ್ಚಿರಲಿ.

ನಾವು ಸಸ್ಯಾಹಾರಿಗಳು. ಊಟಕ್ಕೇನು ಮಾಡುವುದು?

ಹೊಟ್ಟೆ ತುಂಬಾ ಊಟ ಸಿಗುತ್ತದೆ, ಕೇಳಿ ತಿನ್ನಬೇಕು ಅಷ್ಟೆ. ಟಸ್ಕನಿಯ ಅಡುಗೆ ರೈತರ ಅಡುಗೆ. ಬೀನ್ಸು, ಟೊಮೆಟೊ, ಬ್ರೆಡ್ಡು, ಆಲಿವ್ ಎಣ್ಣೆ. "ಪೀಚಿ" ಅನ್ನುವ ದಪ್ಪ ಪಾಸ್ತಾ ಆ ಕಡೆಯದ್ದು. ಅದನ್ನು ಸಾಮಾನ್ಯವಾಗಿ ಹಿಟ್ಟು, ನೀರಿನಲ್ಲೇ ಮಾಡುತ್ತಾರೆ, ಬೇರೆ ತಾಜಾ ಪಾಸ್ತಾಗಳಲ್ಲಿ ಮೊಟ್ಟೆ ಇರುತ್ತದೆ. ಪೀಚಿಯನ್ನು ಬೆಳ್ಳುಳ್ಳಿ, ಟೊಮೆಟೊ ಸಾಸಿನಲ್ಲಿ ಕೊಟ್ಟರೆ ಅದು "ಪೀಚಿ ಅಲ್ಲಲ್ಯೋನೆ". ನಮ್ಮಮ್ಮ ಮೂರು ದಿನ ಅದನ್ನೇ ತಿಂದರು, ಮೇಲೆ ಚಟ್ನಿಪುಡಿ ಉದುರಿಸಿಕೊಂಡು. ಹಳೇ ಬ್ರೆಡ್ಡು, ಟೊಮೆಟೊದ "ಪಾಪ್ಪಾ ಅಲ್ ಪೊಮೊದೊರೊ" ನಮ್ಮ ವಯಸ್ಸಾದವರ ಹೊಟ್ಟೆಗೆ ಹಗುರ. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಅವರ ಪದ್ಧತಿ.

ಎಚ್ಚರ ಬೇಕಾದ ಕಡೆ ಇವು. "ರಿಬೊಲ್ಲಿತಾ" ಅನ್ನುವ ತರಕಾರಿ ಸಾರಿಗೆ ಕೆಲವರು ಮಾಂಸದ ರಸ ಹಾಕುತ್ತಾರೆ. ಸಾಸ್‌ಗಳಲ್ಲಿ ಪುಟ್ಟ ಮೀನು ಅರೆದಿರಬಹುದು. ಕೆಲವು ಬ್ರೆಡ್ಡಿಗೆ ಹಂದಿಯ ಕೊಬ್ಬು ಬೀಳುತ್ತದೆ. ಪಾರ್ಮಿಜಾನೊ ಚೀಸ್‌ನ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಪಿಯೆಂಜಾದ ಹೆಸರುವಾಸಿ ಕುರಿಹಾಲಿನ ಪೆಕೊರಿನೊದಲ್ಲೂ ಬಹಳ ಸಲ ಪ್ರಾಣಿಯ ರೆನೆಟ್ ಇರುತ್ತದೆ. ಮಡಿ, ಆಚಾರ ಇರುವ ಹಿರಿಯರಿಗೆ ಇದನ್ನು ಮೊದಲೇ ಹೇಳಿಬಿಡಿ. ತಿಂದ ಮೇಲೆ ಗೊತ್ತಾದರೆ ಮನಸ್ಸಿಗೆ ನೋವಾಗುತ್ತದೆ.

ಹೇಳಲು ಈ ಮಾತು ಸಾಕು: "ಸೆನ್ಸಾ ಕಾರ್ನೆ, ಸೆನ್ಸಾ ಪೆಷೆ", ಮಾಂಸ ಬೇಡ, ಮೀನು ಬೇಡ. "ಸೆನ್ಸಾ ವೋವಾ" ಅಂದರೆ ಮೊಟ್ಟೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು "ಸೆನ್ಸಾ ಚಿಪೊಲ್ಲಾ, ಸೆನ್ಸಾ ಆಲ್ಯೊ" ಅನ್ನಬೇಕು. ಮದುವೆ ಊಟಕ್ಕಾದರೆ ತಿಂಗಳ ಮುಂಚೆಯೇ ಪಟ್ಟಿ ಕಳಿಸಿ.

ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮುಚ್ಚಿ, ರಾತ್ರಿ ಏಳೂವರೆ ಹೊತ್ತಿಗೆ ತೆರೆಯುತ್ತದೆ. ನಡುವೆ ಹಸಿದರೆ ಕೋಡುಬಳೆಯೇ ಗತಿ. ಸಕ್ಕರೆ ಕಾಯಿಲೆ ಇರುವವರು ಕೈಯಲ್ಲಿ ಏನಾದರೂ ಇಟ್ಟುಕೊಂಡಿರಲೇಬೇಕು. ಬಿಲ್ಲಿನಲ್ಲಿ "ಕೊಪೆರ್ತೊ" ಅಂತ ತಲೆಗಿಷ್ಟು ಸೇರಿರುತ್ತದೆ, ಟಿಪ್ಸ್ ಕಡ್ಡಾಯವಲ್ಲ.

ಹೋಮ, ದೀಪ, ಪಟಾಕಿ?

ಹೋಮಕ್ಕೆ ಮನೆಯವರು ತೋಟದ ಮಾಲೀಕರ ಒಪ್ಪಿಗೆ ತೆಗೆದುಕೊಂಡಿರುತ್ತಾರೆ. ನೆಂಟರು ತಮ್ಮಷ್ಟಕ್ಕೆ ಏನನ್ನೂ ಹಚ್ಚಬೇಡಿ. ಬೇಸಿಗೆಯಲ್ಲಿ ಒಣಹುಲ್ಲು ಕಿಡಿಗೆ ಕಾಯುತ್ತಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಟಸ್ಕನಿಯಲ್ಲಿ ಹೊಲದ ಕಸ ಸುಡಲೂ ನಿಷೇಧವಿದೆ. ಕೋಣೆಯಲ್ಲಿ ಊದುಬತ್ತಿ ಹಚ್ಚುವುದಿದ್ದರೂ ಒಂದು ಮಾತು ಕೇಳಿ.

ಉಡುಗೊರೆ ಏನು ಕೊಡುವುದು?

ಅಲ್ಲಿಯವರೂ ನಮ್ಮ ಹಾಗೆ ಕವರಿನಲ್ಲಿ ದುಡ್ಡು ಹಾಕಿ ಕೊಡುತ್ತಾರೆ. ಅದಕ್ಕೆ "ಬುಸ್ತಾ" ಅನ್ನುತ್ತಾರೆ. ಹಾಗಾಗಿ ಮುಯ್ಯಿ ಕವರು ಕೊಡಲು ಸಂಕೋಚ ಬೇಡ. ದೊಡ್ಡ ಪಾತ್ರೆ, ಗಾಜಿನ ಸಾಮಾನು ಹೊತ್ತುಕೊಂಡು ಹೋಗಬೇಡಿ. ವಾಪಸ್ ಬರುವಾಗ ನಿಮಗೊಂದು ಪುಟ್ಟ ಪೊಟ್ಟಣ ಸಿಗುತ್ತದೆ, ನಮ್ಮ ತಾಂಬೂಲದ ಚೀಲದ ಥರ. ಅದರಲ್ಲಿ ಸಕ್ಕರೆ ಮೆತ್ತಿದ ಐದು ಬಾದಾಮಿ ಇರುತ್ತವೆ. ಆರೋಗ್ಯ, ಐಶ್ವರ್ಯ, ಸಂತೋಷ, ಸಂತಾನ, ದೀರ್ಘಾಯುಷ್ಯ, ಒಂದೊಂದಕ್ಕೆ ಒಂದು.

ದುಡ್ಡು, ಫೋನು, ಪ್ಲಗ್ಗು?

ಕಾರ್ಡ್ ಹೆಚ್ಚಿನ ಕಡೆ ನಡೆಯುತ್ತದೆ. ನೂರಿನ್ನೂರು ಯೂರೋ ಚಿಲ್ಲರೆ ಇರಲಿ. ಎಟಿಎಂ "ರೂಪಾಯಿಯಲ್ಲಾ, ಯೂರೋದಲ್ಲಾ" ಅಂತ ಕೇಳಿದರೆ ಯೂರೋ ಒತ್ತಿ. ನಮ್ಮ ಮೂರು ಗುಂಡು ಪಿನ್ನಿನ ಪ್ಲಗ್ ಅಲ್ಲಿ ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ.

ಆರೋಗ್ಯ ಕೆಟ್ಟರೆ?

ತುರ್ತಿಗೆ 112. ಔಷಧಿ ಅಂಗಡಿಗೆ ಹಸಿರು ಶಿಲುಬೆಯ ಗುರುತು. ದಿನದ ಮಾತ್ರೆಗಳನ್ನು ಪ್ರವಾಸದ ಅಷ್ಟೂ ದಿನಕ್ಕೆ, ಮೇಲೆ ಇನ್ನೊಂದು ವಾರಕ್ಕೆ ಆಗುವಷ್ಟು, ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲಿ ಇಡಿ. ಉದ್ದ ಹುಲ್ಲಿನಲ್ಲಿ ನಡೆದು ಬಂದ ಮೇಲೆ ಕಾಲು ನೋಡಿಕೊಳ್ಳಿ, ರಕ್ತ ಹೀರುವ ಉಣ್ಣೆ ಹುಳ ಇರುತ್ತವೆ.

ಎರಡು ದಿನ ಜಾಸ್ತಿ ಇದ್ದರೆ ಏನು ನೋಡುವುದು?

ಫ್ಲಾರೆನ್ಸ್‌ಗೆ ಓಡಬೇಡಿ, ಕಣಿವೆಯಲ್ಲೇ ಇರಿ. ಪಿಯೆಂಜಾ ಅರ್ಧ ದಿನದ ಊರು. ಇಲ್ಲಿ ಹುಟ್ಟಿ ಪೋಪ್ ಆದ ಎರಡನೇ ಪಿಯುಸ್ 1459ರಿಂದ ತನ್ನ ಹುಟ್ಟೂರನ್ನೇ ಹೊಸದಾಗಿ ಕಟ್ಟಿಸಿದ, ಅವನ ಹೆಸರೇ ಊರಿಗೆ ಬಂತು. ಹತ್ತಿರದ ಬಾನ್ಯೊ ವಿನ್ಯೋನಿಯಲ್ಲಿ ಊರ ನಡುವಿನ ಚೌಕವೇ ಒಂದು ಬಿಸಿನೀರಿನ ಕೊಳ. ಮೇಲುಕೋಟೆ ಕಲ್ಯಾಣಿ ನೆನಪಾಗುತ್ತದೆ. ಅದರಲ್ಲಿ ಇಳಿಯುವ ಹಾಗಿಲ್ಲ.

ಸಿಯೆನಾಗೆ ಹೋದರೆ ಪಲಾಜೊ ಪುಬ್ಲಿಕೊದಲ್ಲಿ ಅಂಬ್ರೋಜೊ ಲೊರೆಂಜೆತ್ತಿ 1338–39ರಲ್ಲಿ ಗೋಡೆಯ ಮೇಲೆ ಬರೆದ ಚಿತ್ರ ನೋಡಿ. ಒಳ್ಳೆಯ ಆಡಳಿತ ಇದ್ದರೆ ನಾಡು ಹೇಗಿರುತ್ತದೆ ಅಂತ ತೋರಿಸುವ ಚಿತ್ರ. ಉಳುವವರು, ಕೊಯ್ಯುವವರು, ಅಲೆ ಅಲೆ ಗುಡ್ಡ. ಅದನ್ನು ನೋಡಿ ಹೊರಗೆ ಬಂದು ಕಾರು ಹತ್ತಿದರೆ ಕಿಟಕಿಯಲ್ಲಿ ಕಾಣುವುದು ಅವೇ ಗುಡ್ಡಗಳು. ಜುಲೈ 2 ಮತ್ತು ಆಗಸ್ಟ್ 16ರಂದು ಸಿಯೆನಾದಲ್ಲಿ ಪಾಲಿಯೊ ಕುದುರೆ ಓಟ, ಆ ದಿನಗಳಲ್ಲಿ ಕೋಣೆ ಸಿಗುವುದಿಲ್ಲ. ಆಗಸ್ಟ್ 15 ಇಟಲಿಗೆಲ್ಲ ರಜೆ, ಅಂಗಡಿಗಳು ಮುಚ್ಚಿರುತ್ತವೆ.

ಬೀಗರ ಜೊತೆ ಮಾತಾಡಲು ಇಟಾಲಿಯನ್ ಬರಬೇಕಾ?

ಹಳ್ಳಿಯಲ್ಲಿ ಹಿರಿಯರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ನಮ್ಮ ಹಿರಿಯರಿಗೂ ಅಷ್ಟೇ. ಬೆಳಿಗ್ಗೆ "ಬುವೊನ್ ಜೋರ್ನೊ", ಸಂಜೆ "ಬುವೊನಾ ಸೇರಾ", ಥ್ಯಾಂಕ್ಸ್‌ಗೆ "ಗ್ರಾತ್ಸಿಯೆ". ಮದುಮಕ್ಕಳಿಗೆ ಶುಭ ಕೋರಲು "ಔಗೂರಿ". ಊಟದ ನಡುವೆ ಯಾರಾದರೂ "ವೀವಾ ಲ್ಯಿ ಸ್ಪೋಸಿ" ಅಂತ ಕೂಗಿದರೆ ಎಲ್ಲರೂ ದನಿ ಸೇರಿಸಬೇಕು, ಮದುಮಕ್ಕಳಿಗೆ ಜಯವಾಗಲಿ ಅಂತ. ನಮ್ಮಮ್ಮ ಇದೊಂದನ್ನು ಕಲಿತುಕೊಂಡಿದ್ದರು. ಹುಡುಗನ ಅಜ್ಜಿಗೆ ಅಕ್ಷತೆ ಹಾಕುವುದನ್ನು ಕಲಿಸಿದರು. ಸಂಜೆಯವರೆಗೂ ಇಬ್ಬರೂ ಆಲಿವ್ ಮರದ ಕೆಳಗೆ ಒಂದೇ ಬೆಂಚಿನಲ್ಲಿ ಕೂತಿದ್ದರು.